ಟಾಟಾ ಇನ್‌ಸ್ಟಿಟ್ಯೂಟಿನ ನೇರಳೆ ಹರಳು

ಯಶವಂತಪುರ ಸರ್ಕಲ್ಲಿನಿಂದ ರಾಜಾಜಿನಗರದತ್ತ ಬರುವವರಿಗೆ ಸಾಬೂನು ಕಾರ್ಖಾನೆಯ ಶ್ರೀಗಂಧದ ಕಂಪು ಗೊತ್ತು. ಸರ್ಕಲ್ಲಿನ ಇನ್ನೊಂದು ಮಗ್ಗುಲಿಗೆ ಭಾರತೀಯ ವಿಜ್ಞಾನ ಸಂಸ್ಥೆ. ನಮ್ಮ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅದರ ನಿರವಯವ ಮತ್ತು ಭೌತ ರಸಾಯನ ವಿಭಾಗದಲ್ಲಿ 1980ರ ದಶಕದಲ್ಲಿ ಬೇರೊಂದು ವಾಸನೆ ಇರುತ್ತಿತ್ತು: ಪ್ರೊಪಿಯಾನಿಕ್ ಆಮ್ಲದ ಹುಳಿ ನಾತ. ಅಂಗಿಗೆ ಹತ್ತಿತೆಂದರೆ ಬಿ.ಟಿ.ಎಸ್. ಬಸ್ಸಿನಲ್ಲಿ ಪಕ್ಕದವರು ಮುಖ ತಿರುಗಿಸುವಷ್ಟು. ನಾನಾಗ ವಿಜಯನಗರದ ಕಡೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಸೆಂಟ್ರಲ್ ಕಾಲೇಜಿನಲ್ಲಿ ಜೊತೆಗೆ ಓದಿದ್ದ ಗೆಳೆಯ ಅಲ್ಲಿ ಸಂಶೋಧನೆಗೆ ಸೇರಿದ್ದ. "ನಾಳೆ ಒಂದು ಬ್ಯಾಚ್ ಹಾಕ್ತೀನಿ, ಬಾರೋ" ಎಂದು ಕರೆದರೆ ಹೋಗುತ್ತಿದ್ದೆ.

ಅವರು ಮಾಡುತ್ತಿದ್ದದ್ದು ಪಾರ್ಫಿರಿನ್. ನಾಲ್ಕು ಪುಟ್ಟ ಪಿರೋಲ್ ಉಂಗುರಗಳು ಕೈ ಕೈ ಹಿಡಿದು ಆದ ಒಂದು ದೊಡ್ಡ ಉಂಗುರ, ನಡುವೆ ಒಂದು ಲೋಹ ಕೂರುವಷ್ಟು ಜಾಗ. ಅಲ್ಲಿ ಕಬ್ಬಿಣ ಕೂತರೆ ನಮ್ಮ ರಕ್ತದ ಹೀಮ್. ಎಲೆಯ ಹರಿತ್ತಿನಲ್ಲಿ ಇದರದೇ ಹತ್ತಿರದ ನಂಟಿನ ಉಂಗುರ, ನಡುವೆ ಮೆಗ್ನೀಷಿಯಂ. ಹೀಮಿನ ರೂಪವನ್ನು ಮ್ಯೂನಿಕ್‌ನಲ್ಲಿ ಹಾನ್ಸ್ ಫಿಷರ್ 1929ರಲ್ಲಿ ಕಟ್ಟಿ ತೋರಿಸಿ, ಮರುವರ್ಷವೇ ನೊಬೆಲ್ ಪಡೆದರು. ಆ ದಾರಿ ಬಹಳ ಉದ್ದದ್ದು. ಸಾಮಾನ್ಯ ಪ್ರಯೋಗಾಲಯಕ್ಕೆ ಪಾರ್ಫಿರಿನ್ ಎಟುಕಿದ್ದು 1967ರಲ್ಲಿ, ಆಡ್ಲರ್ ಮತ್ತು ಲಾಂಗೊ ತಂಡದ ಸರಳ ವಿಧಾನದಿಂದ.

ಆ ವಿಧಾನವನ್ನೇ ನಾನು ಕಣ್ಣಾರೆ ಕಂಡದ್ದು. ಪಿರೋಲ್ ಇಟ್ಟಲ್ಲೇ ಕಪ್ಪಾಗುತ್ತದೆ, ಹಾಗಾಗಿ ಆಗಷ್ಟೇ ಬಟ್ಟಿ ಇಳಿಸಿದ್ದೇ ಆಗಬೇಕು. ಬಾದಾಮಿ ವಾಸನೆಯ ಬೆಂಜಾಲ್ಡಿಹೈಡ್ ಜೊತೆ ಅದನ್ನು ಕುದಿಯುವ ಪ್ರೊಪಿಯಾನಿಕ್ ಆಮ್ಲಕ್ಕೆ ಸುರಿದು, ಗೆಳೆಯ ಕಂಡೆನ್ಸರ್ ಹಾಕಿ ಅರ್ಧ ಗಂಟೆ ಬಿಡುತ್ತಿದ್ದ. ಫ್ಲಾಸ್ಕಿನೊಳಗೆ ಡಾಂಬರಿನಂಥ ಕರಿ ದ್ರವ. ಏನೋ ಕೆಟ್ಟುಹೋಗಿದೆ ಎಂದೇ ನೋಡುವವರಿಗೆ ಅನ್ನಿಸಬೇಕು. ಆರಿಸಿ, ಸೋಸಿ, ಮೆಥನಾಲಿನಲ್ಲಿ ತೊಳೆದಾಗ ಸೋಸುಕಾಗದದ ಮೇಲೆ ಮಿರಮಿರ ಮಿನುಗುವ ನೇರಳೆ ಹರಳು ಉಳಿಯುತ್ತಿತ್ತು. ನೂರಕ್ಕೆ ಇಪ್ಪತ್ತರಷ್ಟು ಇಳುವರಿ, ಉಳಿದದ್ದೆಲ್ಲ ಟಾರು. ಆ ಹರಳನ್ನು ಕ್ಲೋರೊಫಾರ್ಮಿನಲ್ಲಿ ಕರಗಿಸಿ ಒಂದು ತೊಟ್ಟು ಆಮ್ಲ ಬಿಟ್ಟರೆ ಕೆಂಪು ದ್ರಾವಣ ಕ್ಷಣದಲ್ಲಿ ಹಸಿರಾಗುತ್ತದೆ. ಈ ಬಣ್ಣದ ಬದಲಾವಣೆಯನ್ನು ನಾನು ಎಷ್ಟೋ ವರ್ಷ ಅಂತಿಮ ಬಿ.ಎಸ್ಸಿ. ಮಕ್ಕಳಿಗೆ ತೋರಿಸಿದ್ದೇನೆ.

ಬೆಂಗಳೂರಿನ ಪಾರ್ಫಿರಿನ್ ಚರಿತ್ರೆಯಲ್ಲಿ ನಡುವೆ ನಿಲ್ಲುವ ಹೆಸರು ಅದೇ ವಿಭಾಗದ ಪ್ರೊಫೆಸರ್ ವಿ. ಕೃಷ್ಣನ್ ಅವರದು. ಉಂಗುರದ ನಡುವಿನ ಲೋಹದ ಕಡೆಗೇ ಎಲ್ಲರ ಕಣ್ಣು ಇದ್ದಾಗ ಅವರ ಗುಂಪು ಉಂಗುರದ ಅಂಚಿಗೆ ಕೈ ಹಾಕಿತು. ನನ್ನ ಮಟ್ಟಿಗೆ ಅವರ ಅತಿ ಸೊಗಸಾದ ಕೆಲಸ 1982ರದ್ದು, ವಿ. ತನಬಾಲ್ ಜೊತೆಗೂಡಿ ಮಾಡಿದ್ದು. ಪಾರ್ಫಿರಿನ್ನಿನ ನಾಲ್ಕು ಮೂಲೆಗೆ ನಾಲ್ಕು ಕ್ರೌನ್ ಈಥರ್ ಜೋಡಿಸಿದರು. ಕ್ರೌನ್ ಎಂದರೆ ಲೋಹದ ಅಯಾನನ್ನು ಹಿಡಿದಿಡುವ ಪುಟ್ಟ ಬಳೆ. ಸೋಡಿಯಂ ಕೊಟ್ಟರೆ ಅದು ಒಂದೊಂದು ಬಳೆಯೊಳಗೆ ಒಂದೊಂದಾಗಿ ಕೂರುತ್ತದೆ. ಪೊಟ್ಯಾಸಿಯಂ ಕೊಂಚ ದೊಡ್ಡದು, ಒಂದು ಬಳೆಯಲ್ಲಿ ಹಿಡಿಸದು; ಅದಕ್ಕೆ ಮೇಲೊಂದು ಕೆಳಗೊಂದು ಎರಡು ಬಳೆ ಬೇಕು. ಹೀಗೆ ಎರಡು ಪಾರ್ಫಿರಿನ್‌ಗಳು ಮುಖಾಮುಖಿಯಾಗಿ ಬಂದು ನಿಲ್ಲುತ್ತವೆ. ಉಪ್ಪಿನ ಒಂದು ಚಿಟಿಕೆಯಿಂದ ಅಣುಗಳನ್ನು ಜೋಡಿ ಮಾಡುವ ಈ ಉಪಾಯಕ್ಕೆ ದೊಡ್ಡ ಅರ್ಥವಿತ್ತು. ದ್ಯುತಿಸಂಶ್ಲೇಷಣೆಯಲ್ಲಿ ಬೆಳಕಿನ ಬಲದಿಂದ ಮೊದಲ ಎಲೆಕ್ಟ್ರಾನನ್ನು ಬಿಟ್ಟುಕೊಡುವುದು ಹರಿತ್ತಿನ ಒಂದು ಜೋಡಿ ಎಂಬ ಊಹೆ 1970ರ ದಶಕದಿಂದಲೇ ಇತ್ತು. ಬ್ಯಾಕ್ಟೀರಿಯಾದಲ್ಲಿ ಆ ಜೋಡಿಯನ್ನು ಹರಳಿನ ರಚನೆಯಲ್ಲಿ ಕಂಡ ಮಿಶೆಲ್, ಡೈಸನ್‌ಹೋಫರ್, ಹ್ಯೂಬರ್ ಅವರಿಗೆ ನೊಬೆಲ್ ಬಂದದ್ದು 1988ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮೂರಿನಲ್ಲಿ, ಬೇಕೆಂದಾಗ ಕೂಡಿಸಬಲ್ಲ ಒಂದು ಕೃತಕ ಜೋಡಿ ಸಿದ್ಧವಾಗಿತ್ತು. ಬೆಂಗಳೂರಿನ ಹೆಮ್ಮೆಗಳ ಪಟ್ಟಿ ಮಾಡುವವರು ಇದನ್ನು ಯಾಕೆ ಬಿಡುತ್ತಾರೋ ನನಗೆ ತಿಳಿಯದು.

1991ರಲ್ಲಿ ಪಿ. ಭೈರಪ್ಪ ಮತ್ತು ಕೃಷ್ಣನ್ ಉಂಗುರದ ಅಂಚಿನಲ್ಲಿದ್ದ ಎಂಟು ಹೈಡ್ರೋಜನ್‌ಗಳ ಜಾಗಕ್ಕೆ ಎಂಟು ಬ್ರೋಮಿನ್ ತಂದರು. ಬ್ರೋಮಿನ್ ದಪ್ಪ ಪರಮಾಣು. ಬೆಂಜಾಲ್ಡಿಹೈಡಿನಿಂದ ಬಂದ ಪಕ್ಕದ ಫಿನೈಲ್ ಗುಂಪುಗಳಿಗೆ ತಾಗಿ ನೂಕಾಟವಾಗುತ್ತದೆ, ಚಪ್ಪಟೆಯಾಗಿದ್ದ ಉಂಗುರ ಬಾಗುತ್ತದೆ. ಜೊತೆಗೆ ಬ್ರೋಮಿನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸಾಮಾನ್ಯ ಪಾರ್ಫಿರಿನ್ ಅತಿ ಹೆಚ್ಚು ಬೆಳಕು ಹೀರುವುದು 418 ನ್ಯಾನೊಮೀಟರ್ ಬಳಿ. ಇದರಲ್ಲಿ ಅದು 470ರ ಆಸುಪಾಸಿಗೆ ಸರಿಯಿತು. ಅಂಚನ್ನು ತಿದ್ದಿ ಉಂಗುರದ ಬಣ್ಣ, ಆಕಾರ, ಎಲೆಕ್ಟ್ರಾನ್ ಕೊಡುವ ಕೊಳ್ಳುವ ಗುಣ ಎಲ್ಲವನ್ನೂ ಬದಲಿಸಬಹುದು ಎಂದಾಯಿತು. ನಿಸರ್ಗದ ಅನುಕರಣೆಯಾಗಿದ್ದ ಪಾರ್ಫಿರಿನ್ ಬೇಕಾದಂತೆ ರೂಪಿಸಿಕೊಳ್ಳುವ ಸಾಮಗ್ರಿಯಾದದ್ದು ಇಂಥ ಕೆಲಸಗಳಿಂದ.

ಭೈರಪ್ಪನವರು ಮುಂದೆ ಇಲಿನಾಯ್‌ಗೆ ಹೋಗಿ, ಕೆನೆತ್ ಸಸ್ಲಿಕ್ ಜೊತೆ ಪಾರ್ಫಿರಿನ್ ಸುತ್ತ ಕವಲೊಡೆದ ಕೊಂಬೆಗಳನ್ನು ಬೆಳೆಸಿ, ಅಣುವಿನ ಆಕಾರ ನೋಡಿ ಆರಿಸುವ ವೇಗವರ್ಧಕಗಳನ್ನು ಮಾಡಿದರು. ಆಮೇಲೆ ಮದ್ರಾಸ್ ಐಐಟಿಯಲ್ಲಿ ನೆಲೆಸಿದರು. ಟಾಟಾ ಇನ್‌ಸ್ಟಿಟ್ಯೂಟಿನಿಂದಲೇ 1982ರಲ್ಲಿ ಪಿಎಚ್.ಡಿ. ಪಡೆದ ಟಿ.ಕೆ. ಚಂದ್ರಶೇಖರ್ ಕಾನ್ಪುರ ಐಐಟಿಯಲ್ಲಿ ಉಂಗುರವನ್ನೇ ಹಿಗ್ಗಿಸಿದರು: ನಾಲ್ಕರ ಬದಲು ಐದು, ಆರು ಪುಟ್ಟ ಉಂಗುರಗಳು, ಕೆಲವು ಕಡೆ ನೈಟ್ರೋಜನ್ ತೆಗೆದು ಗಂಧಕ, ಸೆಲೆನಿಯಂ. 2001ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ಈಗ ಪಾರ್ಫಿರಿನ್ ಎಂದರೆ ಸೌರಕೋಶದ ಮಾತು ಮೊದಲು ಬರುತ್ತದೆ. 2014ರಲ್ಲಿ ಲೊಸಾನ್‌ನಲ್ಲಿ ಪಾರ್ಫಿರಿನ್ ಬಣ್ಣ ಬಳಿದ ಕೋಶ ಶೇ. 13ರ ದಕ್ಷತೆ ಮುಟ್ಟಿತು. ಸಿಲಿಕಾನ್ ಎದುರು ಅದು ನಿಲ್ಲುವುದು ಕಷ್ಟ ಎನ್ನುವುದು ನನ್ನ ಅನಿಸಿಕೆ. ನನಗೆ ಭರವಸೆ ಇರುವುದು ಔಷಧದಲ್ಲಿ. 1993ರಲ್ಲಿ ಕೆನಡಾ ಒಪ್ಪಿದ ಫೋಟೊಫ್ರಿನ್ ಪಾರ್ಫಿರಿನ್‌ಗಳ ಮಿಶ್ರಣ. ಅದನ್ನು ರಕ್ತನಾಳಕ್ಕೆ ಕೊಟ್ಟು ಗಡ್ಡೆಯ ಮೇಲೆ ಕೆಂಪು ಬೆಳಕು ಬಿಟ್ಟರೆ, ಅಲ್ಲಿನ ಆಕ್ಸಿಜನ್ ಉಗ್ರರೂಪ ತಾಳಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಆದರೆ ಅದು ಕೆಲಸ ಮಾಡುವ 630 ನ್ಯಾನೊಮೀಟರ್ ಬೆಳಕು ಮೈಯೊಳಗೆ ಹೆಚ್ಚು ಆಳ ಇಳಿಯದು. ರೋಗಿ ಚಿಕಿತ್ಸೆಯ ನಂತರ ವಾರಗಟ್ಟಲೆ ಬಿಸಿಲಿಗೆ ಹೋಗುವಂತಿಲ್ಲ. ಹೀರಿಕೆಯನ್ನು 700, 800ರ ಕಡೆಗೆ ಸರಿಸಿದರೆ ಒಳಗಿನ ಗಡ್ಡೆಗೂ ಬೆಳಕು ಮುಟ್ಟುತ್ತದೆ. ಹಿಗ್ಗಿಸಿದ ಉಂಗುರಗಳು ಬೆಳಕು ಹೀರುವುದು ಆ ಕಡೆಯೇ.