ನೈಲ್ ಮತ್ತು ಯೂಫ್ರಟಿಸ್ ನಡುವೆ: ಯೆಹೂದ್ಯ ಧರ್ಮದ ಹುಟ್ಟು

ನಾವು ಊರಿನಲ್ಲಿ ಓದಿದ ಇತಿಹಾಸದ ಪುಸ್ತಕವಾಗಲಿ, ನಮ್ಮ ಮಕ್ಕಳು ಇಲ್ಲಿ ಹಾಲೆಂಡಿನಲ್ಲಿ ಓದುವ ಪುಸ್ತಕವಾಗಲಿ, ನಾಗರಿಕತೆಯ ಪಾಠ ನದಿಯ ದಂಡೆಯಿಂದಲೇ ಆರಂಭವಾಗುತ್ತದೆ. ಈಜಿಪ್ಟಿಗೆ ನೈಲ್, ಮೆಸೊಪೊಟೇಮಿಯಕ್ಕೆ ಯೂಫ್ರಟಿಸ್ ಮತ್ತು ಟೈಗ್ರಿಸ್, ನಮಗೆ ಸಿಂಧೂ, ಚೀನಕ್ಕೆ ಹಳದಿ ನದಿ. ಮುಂದೆ ಕೆಲವು ಪುಟಗಳಾದ ಮೇಲೆ ಯೆಹೂದ್ಯ ಧರ್ಮದ ಪ್ರಸ್ತಾಪ ಬರುತ್ತದೆ. ಅದಕ್ಕೆ ಮಾತ್ರ ಹೇಳಿಕೊಳ್ಳುವಂಥ ದೊಡ್ಡ ನದಿಯಿಲ್ಲ. ಜೋರ್ಡನ್ ಸಣ್ಣ ಹೊಳೆ. ಸಮುದ್ರಮಟ್ಟಕ್ಕಿಂತ ಕೆಳಗೆ ಹರಿಯುವ ಅದರ ನೀರು ಮೇಲಿನ ಬೆಟ್ಟದ ಹೊಲಗಳಿಗೆ ಏರುವುದಿಲ್ಲ. ಹಾಗಾದರೆ ಈ ಧರ್ಮ ಬೇರೂರಿದ್ದು ಹೇಗೆ? ಉತ್ತರಕ್ಕೆ ಬೇಕಾದ ಸಾಮಗ್ರಿಯಲ್ಲಿ ಸ್ವಲ್ಪ ಭಾಗ ನಾವಿರುವ ಈ ನಾಡಿನಲ್ಲೇ ಇದೆ.

ಮೊದಲು ನದಿ ಕಣಿವೆಯ ಬದುಕನ್ನು ನೋಡೋಣ. ನೆರೆ ಬರುವ ಕಾಲ ತಿಳಿದಿರಬೇಕು, ಕಾಲುವೆ ತೋಡಬೇಕು, ಏರಿ ಕಟ್ಟಬೇಕು. ಇದು ಒಬ್ಬಿಬ್ಬರ ಕೈಲಾಗುವ ಕೆಲಸವಲ್ಲ. ಬೆಳೆದ ಧಾನ್ಯ ಉಗ್ರಾಣ ಸೇರಿದರೆ ಅದರ ಲೆಕ್ಕ ಇಡಬೇಕು. ಕ್ರಿ.ಪೂ. 3200ರ ಸುಮಾರಿಗೆ ಉರುಕ್ ಪಟ್ಟಣದಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಮೂಡಿದ ಬರಹ ಬಹುಮಟ್ಟಿಗೆ ಲೆಕ್ಕಪತ್ರವೇ. ಲೆಕ್ಕದ ಮೇಲೆ ಅಧಿಕಾರಿ, ಅಧಿಕಾರಿಯ ಮೇಲೆ ಅರಸ, ಅರಸನ ಬೆನ್ನಿಗೆ ದೇವರು. ಈಜಿಪ್ಟಿನಲ್ಲಂತೂ ಅರಸನೇ ದೇವರೆನಿಸಿದ. ವಾಟರ್‌ಸ್ಖಾಪ್‌ಗೆ ವರ್ಷವರ್ಷವೂ ತೆರಿಗೆ ಕಟ್ಟುವ ನಮಗೆ, ನೀರು ಜನರನ್ನು ಹೇಗೆ ಒಂದು ಕಟ್ಟಿಗೆ ತರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೈಡನ್‌ಗೆ ಬರೋಣ. ಅಲ್ಲಿನ ಪ್ರಾಚ್ಯವಸ್ತು ಸಂಗ್ರಹಾಲಯ 1818ರಲ್ಲಿ ಸ್ಥಾಪನೆಯಾದದ್ದು. ಆಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗದಂತೆ ಬಿಡಿಸಿ ತಂದ, ಈಜಿಪ್ಟ್ ಸರಕಾರ ಈ ದೇಶಕ್ಕೆ ಉಡುಗೊರೆಯಾಗಿ ಕೊಟ್ಟ ಟಾಫೆ ದೇವಾಲಯವನ್ನು ಅದರ ಅಂಗಳದಲ್ಲೇ ನೋಡಬಹುದು. ಅದೇ ಸಂಗ್ರಹದಲ್ಲಿ 344ನೆಯ ಸಂಖ್ಯೆಯ ಒಂದು ಪಪೈರಸ್ ಸುರುಳಿ ಇದೆ. ಅಲೆಕ್ಸಾಂಡ್ರಿಯದ ವ್ಯಾಪಾರಿ ಅನಸ್ತಾಸಿಯಿಂದ 1828ರಲ್ಲಿ ಕೊಂಡದ್ದು. ಇಪುವೆರ್ ಎಂಬ ಜ್ಞಾನಿಯ ಗೋಳು ಅದರಲ್ಲಿದೆ: ನಾಡು ತಲೆಕೆಳಗಾಯಿತು, ಬಡವ ಧನಿಕನಾದ, ನದಿಯ ನೀರು ರಕ್ತವಾಯಿತು. ಮೋಶೆಯ ಕಾಲದಲ್ಲಿ ಈಜಿಪ್ಟಿಗೆ ಬಂದವೆಂದು ಬೈಬಲ್ ಹೇಳುವ ಉತ್ಪಾತಗಳಿಗೆ ಇದೇ ಸಾಕ್ಷಿ ಎಂದು ವಾದಿಸುವವರಿದ್ದಾರೆ. ಬಲ್ಲವರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಸುರುಳಿ ಕ್ರಿ.ಪೂ. 13ನೆಯ ಶತಮಾನದ ಪ್ರತಿಯಾದರೂ ಮೂಲ ರಚನೆ ಅದಕ್ಕಿಂತ ಶತಮಾನಗಳಷ್ಟು ಹಳೆಯದು. ಅದರಲ್ಲಿ ಮೋಶೆಯೂ ಇಲ್ಲ, ಇಸ್ರೇಲೂ ಇಲ್ಲ. ಇಸ್ರೇಲ್ ಎಂಬ ಜನದ ಹೆಸರು ಮೊದಲು ನಿಸ್ಸಂದೇಹವಾಗಿ ಸಿಗುವುದು ಮೆರ್ನೆಪ್ಟಾ ಎಂಬ ಫೇರೋವಿನ ಶಿಲಾಶಾಸನದಲ್ಲಿ, ಕ್ರಿ.ಪೂ. 1208ರ ಸುಮಾರಿಗೆ. ಆಗ ಅವರು ಕಾನಾನ್ ನಾಡಿನಲ್ಲಿದ್ದರು. ನೈಲ್ ದಂಡೆಯ ಅರಸ ಇಸ್ರೇಲಿನ ಬೀಜವೇ ಉಳಿಯಲಿಲ್ಲವೆಂದು ಕಲ್ಲಿನಲ್ಲಿ ಕೊರೆಸಿದ. ಫೇರೋಗಳ ವಂಶ ಮುಗಿದುಹೋಯಿತು; ಇಸ್ರೇಲ್ ಎಂಬ ಹೆಸರು ಉಳಿಯಿತು.

ಅದೇ ಕಾಲದಲ್ಲಿ ಕಾನಾನ್ ಬೆಟ್ಟಗಳ ಮೇಲೆ ನೂರಾರು ಪುಟ್ಟ ಹಳ್ಳಿಗಳು ಹೊಸದಾಗಿ ಎದ್ದದ್ದನ್ನು ಉತ್ಖನನಗಳು ತೋರಿಸಿವೆ. ಮೆಟ್ಟಿಲು ಹೊಲ, ಬಂಡೆ ಕೊರೆದ ನೀರಿನ ತೊಟ್ಟಿ, ಮಿಕ್ಕದ್ದೆಲ್ಲ ಮಳೆರಾಯನ ಕೃಪೆ. ಮಂಡ್ಯದ ಕಾಲುವೆ ಗದ್ದೆಯ ರೈತನಿಗೂ ಚಿತ್ರದುರ್ಗದ ಬೆದ್ದಲು ಹೊಲದ ರೈತನಿಗೂ ಇರುವ ವ್ಯತ್ಯಾಸ ನಮಗೆ ಗೊತ್ತು. ಒಬ್ಬ ತೂಬಿನ ಕಡೆ ನೋಡುತ್ತಾನೆ, ಇನ್ನೊಬ್ಬ ಆಕಾಶದ ಕಡೆ. ಈ ಮಾತನ್ನು ಯೆಹೂದ್ಯರ ಧರ್ಮಗ್ರಂಥವೇ ಹೇಳುತ್ತದೆ: ಈಜಿಪ್ಟಿನಂತೆ ಕಾಲಿನಿಂದ ನೀರು ಹಾಯಿಸುವ ನಾಡು ಇದಲ್ಲ, ಆಕಾಶದ ಮಳೆ ಕುಡಿಯುವ ನಾಡು ಎಂದು. ಉಗ್ರಾಣದ ಅರಸನಿಗಿಂತ ಮೇಲೆ, ಯಾರ ಅಂಕೆಗೂ ಸಿಗದ ಒಬ್ಬ ದೇವರನ್ನು ನೆನೆದ ಆ ಜನಕ್ಕೆ ಅವರ ನೆಲವೂ ಪಾಠ ಹೇಳಿರಬೇಕೆಂದು ನಮಗೆ ತೋರುತ್ತದೆ.

ಆದರೆ ಈ ಬೆಟ್ಟದ ಜನರ ಗ್ರಂಥದಲ್ಲಿ ಲೋಕವೆಲ್ಲ ಮುಳುಗುವ ಪ್ರಳಯದ ಕಥೆ ಹೇಗೆ ಬಂತು? ಏದೆನ್ ತೋಟದ ವರ್ಣನೆಯಲ್ಲಿ ಟೈಗ್ರಿಸ್, ಯೂಫ್ರಟಿಸ್ ಹೆಸರುಗಳೇಕೆ? 1872ರಲ್ಲಿ ಜಾರ್ಜ್ ಸ್ಮಿತ್ ಲಂಡನ್ನಿನಲ್ಲಿ ಒಂದು ಮಣ್ಣಿನ ಹಲಗೆ ಓದಿದಾಗ, ನೋಹನ ಕಥೆಯನ್ನು ಹೋಲುವ ಪ್ರಳಯ, ಹಡಗು, ಹಾರಿಬಿಟ್ಟ ಹಕ್ಕಿಗಳು ಗಿಲ್ಗಮೇಶ್ ಕಾವ್ಯದಲ್ಲಿ ಸಿಕ್ಕವು. ನಮ್ಮ ಶತಪಥ ಬ್ರಾಹ್ಮಣದ ಮನು ಮತ್ತು ಮೀನಿನ ಕಥೆಯೂ ಇದೇ ಜಾತಿಯದು. ಪ್ರಳಯದ ಕಥೆ ನದಿ ಕಣಿವೆಯದು. ಬೆಟ್ಟದವರು ಅದನ್ನು ತಮ್ಮದಾಗಿಸಿಕೊಂಡರು.

ಗ್ರಂಥ ಯಾವಾಗ ರೂಪುಗೊಂಡಿತೆಂಬ ಪ್ರಶ್ನೆಯನ್ನು ಎದೆಗಾರಿಕೆಯಿಂದ ಎತ್ತಿದವನು ಹಾಲೆಂಡಿನವನೇ. ಬರೂಖ್ ಸ್ಪಿನೋಜ 1632ರಲ್ಲಿ ಆಮ್‌ಸ್ಟರ್‌ಡಾಮಿನ ಪೋರ್ಚುಗೀಸ್ ಯೆಹೂದ್ಯ ಮನೆತನದಲ್ಲಿ ಹುಟ್ಟಿದ. 1656ರಲ್ಲಿ ಸಮಾಜ ಅವನಿಗೆ ಬಹಿಷ್ಕಾರ ಹಾಕಿತು. 1670ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಪುಸ್ತಕದಲ್ಲಿ ಆತ ಕೇಳಿದ: ಮೋಶೆಯ ಸಾವನ್ನೂ ಹೇಳುವ ಗ್ರಂಥವನ್ನು ಮೋಶೆಯೇ ಬರೆದಿರುವುದು ಹೇಗೆ? ಬಹುಶಃ ಎಜ್ರನೇ ಸಂಕಲಿಸಿರಬೇಕೆಂದು ಅವನ ಊಹೆ. ಎಜ್ರ ಬ್ಯಾಬಿಲೋನಿನಿಂದ ಮರಳಿ ಬಂದವನು. ಇಂದಿನ ವಿದ್ವಾಂಸರು ಎಜ್ರನ ಹೆಸರಿನ ಬಗ್ಗೆ ಒಮ್ಮತದಲ್ಲಿಲ್ಲದಿದ್ದರೂ, ಬ್ಯಾಬಿಲೋನಿನ ವಾಸ ಈ ಧರ್ಮದ ದೊಡ್ಡ ತಿರುವೆಂಬುದನ್ನು ಬಹುತೇಕ ಒಪ್ಪುತ್ತಾರೆ.

ಕ್ರಿ.ಪೂ. 586ರ ಸುಮಾರಿಗೆ ನೆಬುಕದ್ನೆಚ್ಚರ್ ಜೆರೂಸಲೇಮಿನ ದೇವಾಲಯವನ್ನು ಸುಟ್ಟು ಜನರನ್ನು ಯೂಫ್ರಟಿಸ್ ಕಣಿವೆಗೆ ಒಯ್ದ. ಅರಸನಿಲ್ಲ, ಗುಡಿಯಿಲ್ಲ, ನೆಲವಿಲ್ಲ. 2014ರಲ್ಲಿ ಪ್ರಕಟವಾದ ಮಣ್ಣಿನ ಹಲಗೆಗಳು ಅವರ ಅಲ್ಲಿನ ಬಾಳನ್ನು ತೋರಿಸುತ್ತವೆ. ಕ್ರಿ.ಪೂ. 572ರಷ್ಟು ಹಿಂದಿನವು ಅವು. ಅಲ್-ಯಾಹುದು, ಅಂದರೆ ಯೆಹೂದದ ಊರು, ಎಂಬ ಹಳ್ಳಿಯಲ್ಲಿ ಅವರು ಹೊಲ ಉತ್ತರು, ತೆರಿಗೆ ಕಟ್ಟಿದರು, ಸಾಲ ಕೊಟ್ಟು ಕೊಂಡರು. ಒಬ್ಬನೇ ಮನುಷ್ಯನಿಗೆ ಒಂದು ಪತ್ರದಲ್ಲಿ ಬ್ಯಾಬಿಲೋನಿನ ದೇವರು ಬೇಲನ ಹೆಸರು, ಇನ್ನೊಂದರಲ್ಲಿ ತನ್ನ ದೇವರು ಯಾಹುವಿನ ಹೆಸರು. ಮನೆಯಲ್ಲೊಂದು, ಶಾಲೆಯಲ್ಲೊಂದು ಹೆಸರಿರುವ ಮಕ್ಕಳ ತಂದೆತಾಯಿಯರಾದ ನಮಗೆ ಇದು ತೀರ ದೂರದ ಸಂಗತಿಯಲ್ಲ. ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಬ್ಯಾಬಿಲೋನನ್ನು ಗೆದ್ದ ಮೇಲೆ ಕೆಲವರು ಮರಳಿದರು, ಹಲವರು ಅಲ್ಲೇ ಉಳಿದರು. ಉಳಿದವರೂ ಯೆಹೂದ್ಯರಾಗಿಯೇ ಉಳಿದರು. ಎಲ್ಲಿಗೂ ಹೊತ್ತೊಯ್ಯಬಹುದಾದದ್ದನ್ನು ಅವರು ಕಟ್ಟಿಕೊಂಡಿದ್ದರು: ವಾರಕ್ಕೊಂದು ವಿರಾಮದ ದಿನ, ಊಟದ ನಿಯಮ, ಮಕ್ಕಳಿಗೆ ಹೇಳಲೇಬೇಕಾದ ಕಥೆ, ಓದಲೇಬೇಕಾದ ಗ್ರಂಥ.

ಆ ಗಂಟು ಆಮ್‌ಸ್ಟರ್‌ಡಾಮಿಗೂ ಬಂತು. 1675ರ ಪೋರ್ಚುಗೀಸ್ ಸಿನಗಾಗ್ ಇಂದಿಗೂ ಮೇಣದಬತ್ತಿಯ ಬೆಳಕಿನಲ್ಲೇ ಬೆಳಗುತ್ತದೆ. ಪಕ್ಕದಲ್ಲಿ ಎಟ್ಸ್ ಹಾಯಿಮ್ ಗ್ರಂಥಾಲಯ. 1940ರಲ್ಲಿ ಈ ದೇಶದಲ್ಲಿ ಸುಮಾರು 1,40,000 ಯೆಹೂದ್ಯರಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೊಲೆಯಾಗಿದ್ದರು. 2021ರಲ್ಲಿ ತೆರೆದ ಸ್ಮಾರಕದ ಗೋಡೆಗಳಲ್ಲಿ ಒಂದೊಂದು ಇಟ್ಟಿಗೆಗೆ ಒಬ್ಬೊಬ್ಬರ ಹೆಸರಿದೆ. ಗ್ರಂಥ ಜನರನ್ನು ಕೊಲೆಯಿಂದ ಕಾಯಲಿಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು.

ನಾವು ಸೆರೆಯಾಳುಗಳಾಗಿ ಬಂದವರಲ್ಲ. ಟಿಕೆಟ್ ಕೊಂಡು, ಮನಸ್ಸು ಮಾಡಿ ಬಂದವರು. ಅವರ ಕಷ್ಟಕ್ಕೆ ನಮ್ಮದನ್ನು ಹೋಲಿಸುವುದು ಸಲ್ಲದು. ಆದರೆ ಕಾವೇರಿ, ತುಂಗಭದ್ರೆ, ಕೃಷ್ಣೆಯರನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ತರಲಾರರು. ತರಬಹುದಾದದ್ದು ಮಾತು, ಕಥೆ, ಹೆಸರು. ಯೂಫ್ರಟಿಸ್ ದಂಡೆಯ ಆ ತಂದೆತಾಯಿಯರು ಹೊಸ ಊರಿನ ತೆರಿಗೆಯನ್ನೂ ಕಟ್ಟಿದರು, ಹಳೆಯ ಕಥೆಯನ್ನೂ ಹೇಳಿದರು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ರಜೆಯಲ್ಲಿ ಮಕ್ಕಳನ್ನು ಲೈಡನ್‌ಗೂ ಆಮ್‌ಸ್ಟರ್‌ಡಾಮಿಗೂ ಕರೆದೊಯ್ಯಿರಿ. ದಾರಿಯಲ್ಲಿ ಈ ಕಥೆಯನ್ನು ಹೇಳಿ, ಕನ್ನಡದಲ್ಲೇ ಹೇಳಿ.