ಹುಲ್ಲುಹಾಸಿಗೆ ನೆಲದಡಿಯ ನೀರಾವರಿ

ಹುಲ್ಲುಹಾಸಿನ ಬೇರಿಗೆ ನೆಲದೊಳಗಿಂದಲೇ ನೀರುಣಿಸುವ ಪದ್ಧತಿ ಪ್ಲಾಸ್ಟಿಕ್ ಯುಗದ್ದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಕ್ರಿ.ಪೂ. ಒಂದನೇ ಶತಮಾನದ ಚೀನೀ ಕೃಷಿಗ್ರಂಥ ‘ಫಾನ್ ಷೆಂಗ್‌ಝಿ ಷು’ ಗಿಡಗಳ ನಡುವೆ ನೀರು ಜಿನುಗುವ ಮಣ್ಣಿನ ಗಡಿಗೆ ಹೂಳುವ ಕ್ರಮವನ್ನು ಆಗಲೇ ವಿವರಿಸಿದೆ. 1860ರ ಸುಮಾರಿಗೆ ಜರ್ಮನಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳ ಪ್ರಯೋಗ ನಡೆಯಿತು. ನೀರುಣಿಸುವುದೂ ಬಸಿಯುವುದೂ ಅದೇ ಕೊಳವೆಯಲ್ಲಿ. 1913ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಇ. ಬಿ. ಹೌಸ್ ಅಂತರ್ಜಲದ ಮಟ್ಟ ಏರಿಸದೆ ಬೇರಿಗೆ ನೀರು ಮುಟ್ಟಿಸಿದರು, ಆದರೆ ಖರ್ಚು ದುಬಾರಿಯೆಂದು ತೀರ್ಮಾನಿಸಿದರು. ಕೊರತೆ ಇದ್ದದ್ದು ಅಗ್ಗದ ಕೊಳವೆಗೆ, ಉಪಾಯಕ್ಕಲ್ಲ.

ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಆ ಕೊರತೆ ನೀಗಿಸಿತು. ಇಸ್ರೇಲಿನ ಸಿಂಹಾ ಬ್ಲಾಸ್ ರೂಪಿಸಿದ, ನೀರನ್ನು ಹನಿಹನಿಯಾಗಿ ಬಿಡುವ ಡ್ರಿಪ್ಪರನ್ನು 1965ರಲ್ಲಿ ಹಟ್ಜೆರಿಂ ಎಂಬ ಕಿಬ್ಬುಟ್ಜಿನಲ್ಲಿ (ಸಾಮೂಹಿಕ ಕೃಷಿ ನೆಲೆ) ಹುಟ್ಟಿದ ನೆಟಾಫಿಮ್ ಕಂಪನಿ ತಯಾರಿಸತೊಡಗಿತು. ಆದರೆ ಹನಿ ಕೊಳವೆಯನ್ನು ಹೂತ ಮೇಲೆ ಬೇರೆಯೇ ತೊಂದರೆಗಳು ತಲೆದೋರಿದವು. ಪಂಪು ನಿಂತೊಡನೆ ಕೊಳವೆಯ ನೀರು ತಗ್ಗಿನತ್ತ ಹರಿಯುತ್ತದೆ. ಏರಿನಲ್ಲಿರುವ ರಂಧ್ರಗಳು ಸುತ್ತಲಿನ ಕೆಸರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಅದಕ್ಕೇ ಎತ್ತರದ ಜಾಗದಲ್ಲಿ ಗಾಳಿ ವಾಲ್ವ್, ತುದಿಯಲ್ಲಿ ಕೆಸರು ತೊಳೆಯುವ ವಾಲ್ವ್ ಬಂದವು. ತೇವ ಹುಡುಕುತ್ತ ಬೇರು ರಂಧ್ರಕ್ಕೇ ನುಗ್ಗದಂತೆ ಟ್ರೈಫ್ಲುರಾಲಿನ್ ಎಂಬ ಕಳೆನಾಶಕವನ್ನು ಡ್ರಿಪ್ಪರಿನ ಪ್ಲಾಸ್ಟಿಕ್ಕಿನಲ್ಲೇ ಬೆರೆಸಲಾಯಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಡೇನಿಯಲ್ ಹಿಡಿದ ದಾರಿಯೇ ಬೇರೆ: ಮರಳಿನಡಿ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ನಿಲ್ಲಿಸಿದರೆ ಅದು ಮರಳಿನ ಕಣಗಳ ನಡುವೆ ತಾನಾಗಿ ಮೇಲೇರುತ್ತದೆ.

ನೆಲದಡಿಯ ನೀರು ಗಾಳಿಗೆ ತೂರಿಹೋಗದು, ಬಿಸಿಲಿಗೆ ಆರದು ಎಂದ ಮೇಲೆ ಸ್ಪ್ರಿಂಕ್ಲರ್ ಇನ್ನೂ ಏಕೆ ಉಳಿದಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹುಲ್ಲಿನ ಬೀಜ ಮೊಳೆಯಲು ಮೇಲ್ಮಣ್ಣೇ ಒದ್ದೆಯಿರಬೇಕು. ಮೇಲೆ ಚೆಲ್ಲಿದ ಗೊಬ್ಬರ ಕರಗಿ ಇಳಿಯಲೂ ಮೇಲಿನ ನೀರೇ ಬೇಕು. ಮಳೆ ಕಡಿಮೆಯಿರುವಲ್ಲಿ ಲವಣ ಮೇಲೇರಿ ಕೂರುತ್ತದೆ. ಗಟ್ಟಿಯಾದ ನೆಲಕ್ಕೆ ತೂತು ಹೊಡೆಯುವ ಯಂತ್ರ ಆಳ ತಪ್ಪಿದರೆ ಕೊಳವೆಯೇ ತೂತಾಗುತ್ತದೆ. ಸೋರಿಕೆ ತಿಳಿಯುವುದು ಹುಲ್ಲು ಒಣಗಿದಾಗಲೋ ನೆಲ ಜೌಗಾದಾಗಲೋ. ಇವು ಪದ್ಧತಿಯನ್ನು ತಳ್ಳಿಹಾಕುವ ಕಾರಣಗಳಲ್ಲ, ಅದರ ಮಿತಿ ಗುರುತಿಸುವ ಕಾರಣಗಳು. ಸ್ಪ್ರಿಂಕ್ಲರಿನ ನೀರು ಅರ್ಧಕ್ಕರ್ಧ ಡಾಂಬರಿಗೆ ಬೀಳುವ ರಸ್ತೆ ವಿಭಜಕದ ಕಿರುಪಟ್ಟಿಯಲ್ಲಿ, ಜನರ ಮೈಗೆ ತಾಗಬಾರದ ಸಂಸ್ಕರಿತ ಕೊಳಚೆನೀರು ಬಳಸುವಲ್ಲಿ ನೆಲದಡಿಯ ಹನಿ ನೀರಾವರಿಗೆ ಸಾಟಿಯಿಲ್ಲ. ಪದೇ ಪದೇ ಬಿತ್ತಿ, ತೂತು ಹೊಡೆಯುವ ಆಟದ ಮೈದಾನಕ್ಕೆ ಸ್ಪ್ರಿಂಕ್ಲರೇ ಸೂಕ್ತ.