ಮೈಲಾರದ ಹೊಳೆ, ಹರಿಗೋಲು, ಅಂಬಿಗರು: ನಮ್ಮ ತಾಲ್ಲೂಕಿನ ದೋಣಿ ಇತಿಹಾಸ

ಹೂವಿನಹಡಗಲಿ: ನಮ್ಮ ಕಡೆ ಸಮುದ್ರ ಇಲ್ಲ, ಬಂದರು ಇಲ್ಲ. ಆದ್ರೆ ತುಂಗಭದ್ರಾ ಹೊಳೆ ಇದೆ. ಈಚೆ ದಂಡೆಗೆ ವಿಜಯನಗರ ಜಿಲ್ಲೆಯ ಮೈಲಾರ, ಆಚೆ ದಂಡೆಗೆ ಹಾವೇರಿ ಜಿಲ್ಲೆ. ಸೇತುವೆ ಬರೋ ಮುಂಚೆ ಸಂತೆ, ಜಾತ್ರೆ, ಬೀಗತನ ಎಲ್ಲಾ ನಡೆದಿದ್ದು ಹರಿಗೋಲಿನ ಮೇಲೆಯೇ.

ಹಡಗಲಿ ಹೆಸರು
ಇಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಅಂತ ಹಿರಿಯರು ಹೇಳ್ತಾರೆ. ಆದರೆ ವಿಜಯನಗರ ಸ್ಥಾಪನೆ ಆಗಿದ್ದು 1336ರಲ್ಲಿ. ಅದಕ್ಕೂ ಮೊದಲೇ, ಚಾಲುಕ್ಯರ ಕಾಲದ ಶಾಸನದಲ್ಲಿ ಈ ಊರು 'ಪೊಸವಡಂಗಿಲೆ'. ಹೆಸರು ಕಥೆಗಿಂತ ಹಳೆಯದು.

ಹರಿಗೋಲು
ಬಿದಿರು ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು. ತಳ ಚಪ್ಪಟೆ ಇರೋದ್ರಿಂದ ಕಡಿಮೆ ನೀರಲ್ಲೂ, ಬಂಡೆಗಳ ನಡುವೆಯೂ ಸಾಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ನೋಡಿ ಬರೆದಿದ್ದಾನೆ: ಒಂದರಲ್ಲಿ 15–20 ಜನ ಕೂರಬಹುದು, ನೇರ ಹೋಗದೆ ಸುತ್ತುತ್ತಲೇ ಸಾಗುತ್ತದೆ.

ಅಂಬಿಗರ ಚೌಡಯ್ಯ
12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಕಾಯಕ ದೋಣಿ ನಡೆಸೋದು. ಅವರ ಹೆಸರಿನ ಚೌಡಯ್ಯದಾನಪುರ ಇದೇ ಹೊಳೆ ದಂಡೆಯ ಊರು, ರಾಣೆಬೆನ್ನೂರು ತಾಲ್ಲೂಕು. ಪ್ರತಿ ವರ್ಷ ಜನವರಿ 21ರಂದು ಅವರ ಜಯಂತಿ.

ಜಾತ್ರೆ ಮತ್ತು ದೋಣಿ
ಭರತ ಹುಣ್ಣಿಮೆ ಜಾತ್ರೆಯ ಕಾರ್ಣಿಕ ಕೇಳೋಕೆ ರೈತರು, ಅಂಗಡಿಯವರು ಎಲ್ಲಾ ಸೇರ್ತಾರೆ. ಗೊರವಯ್ಯನ ಪಾತ್ರೆಗೂ 'ದೋಣಿ' ಅಂತಲೇ ಹೆಸರು, ಅದನ್ನು ತುಂಬಿಸೋದೇ ದೋಣಿ ಸೇವೆ.

ದಾಟುವ ಮುಂಚೆ
ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರಬಹುದು. ಮೇಲಿನ ಗಾಜನೂರು ಅಣೆಕಟ್ಟೆ ಚಿಕ್ಕದು. ಮಲೆನಾಡಲ್ಲಿ ಮಳೆ ಜೋರಾದರೆ ಬೇಗ ತುಂಬಿ ಗೇಟ್ ತೆಗೀತಾರೆ. ಮಳೆಗಾಲದಲ್ಲಿ ನೀರು ಬಿಟ್ಟ ಸುದ್ದಿ ಕೇಳಿಯೇ ಹೊಳೆಗೆ ಇಳಿಯಿರಿ. ಅಂಬಿಗರು 'ಇನ್ನು ಹತ್ತಬ್ಯಾಡ್ರಿ' ಅಂದರೆ ಹತ್ತಬೇಡಿ, ಇನ್ನೊಂದು ಸರದಿಗೆ ಕಾಯಿರಿ.

ಸೇತುವೆ ಬಂದ ಕಡೆ ಜನಕ್ಕೆ ಅನುಕೂಲ ಆಯ್ತು, ಹರಿಗೋಲಿಗೆ ಕೆಲಸ ಹೋಯ್ತು. ಯಾವ ಬಂಡೆ ಎಲ್ಲಿದೆ, ಸುಳಿ ಎಲ್ಲಿದೆ ಅನ್ನೋದು ಹುಟ್ಟು ಹಾಕಿದ ಹಿರಿಯರಿಗೆ ಮಾತ್ರ ಗೊತ್ತು. ನಿಮ್ಮೂರಲ್ಲಿ ಅಂಥವರಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.